ಎಡಗೈಗೆ ಒಂದು ಕೆಲಸ

ಇನ್ವರ್‌ಕಾರ್ಗಿಲ್‌ನಲ್ಲಿ ಗಾಳಿ ಬಾಗಿಲು ತಟ್ಟುವುದಿಲ್ಲ,
ಸೀದಾ ಒಳಗೇ ಬರುತ್ತದೆ.
ಅದಕ್ಕೇ ಗ್ಯಾರೇಜಿನ ಶಟರನ್ನು ಮೊಣಕಾಲಿನಷ್ಟಕ್ಕೆ ಇಳಿಸಿ
ಕೆಂಪು ಮಜ್ದಾದ ಎರಡು ಸೀಟಿಗೆ ಅಡ್ಡಡ್ಡ ಮಲಗಿದ್ದೇನೆ,
ಅರುವತ್ತೊಂದರ ಸೊಂಟಕ್ಕೆ ಒಂದು ದಿಂಬು ಕೊಟ್ಟು.

ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವಳು.
ಬಲಗೈ ಸ್ಟೀರಿಂಗಿಗೆ, ಎಡಗೈ ಗೇರಿಗೆ.
ಒನಕೆಯಷ್ಟು ಉದ್ದದ ಆ ಸರಳು,
ಎರಡರಿಂದ ಮೂರಕ್ಕೆ ಹೋಗುವುದೆಂದರೆ
ಪಕ್ಕದ ಮನೆಗೆ ಹೋಗಿ ಸಕ್ಕರೆ ಕೇಳಿ ಬಂದಂತೆ.
ಆಮೇಲೆ ಬಂತು ಕರೆಂಟಿನ ಬಸ್ಸು.
ಗೇರಿಲ್ಲ, ಕ್ಲಚ್ಚಿಲ್ಲ, ಸದ್ದೂ ಇಲ್ಲ.
ಕೊನೆಯ ಎರಡು ವರ್ಷ ನನ್ನ ಎಡಗೈ
ಪರಿಚಯವಿಲ್ಲದ ಮದುವೆಗೆ ಬಂದವರ ಹಾಗೆ
ತೊಡೆಯ ಮೇಲೆ ಸುಮ್ಮನೆ ಕೂತಿತ್ತು.

ಬೀಳ್ಕೊಡುವಾಗ ಡಿಪೋದವರು ಗಡಿಯಾರ ಕೊಟ್ಟರು.
ಅದನ್ನು ಮಾರಿ ಇದನ್ನು ತರಿಸಿದೆ:
ಗೇಣುದ್ದದ ಉಕ್ಕಿನ ಸರಳು, ನಡುವೊಂದು ಗುಂಡು.

ಟಾರ್ಚು ಹಿಡಿದವಳು ಪಕ್ಕದ ಮನೆಯ ಮೆರೆಆನಾ.
ಹನ್ನೊಂದು ವರ್ಷ. ಬೆಳಕನ್ನು ಕೆಲಸದ ಮೇಲೆ ಬಿಡದೆ
ನನ್ನ ಕಣ್ಣಿಗೇ ಬಿಡುತ್ತಾಳೆ.
"ಚಿಕ್ಕದು ಯಾಕೆ ಬೇಕು?"
"ಕೈ ಕಡಿಮೆ ದೂರ ಹೋಗಲಿ ಅಂತ."
"ಆಗ ಕಾರು ಹೆಚ್ಚು ದೂರ ಹೋಗುತ್ತಾ?"
ಹತ್ತರ ಸ್ಪ್ಯಾನರ್ ಕೊಡು ಎಂದೆ.

ಚರ್ಮದ ಅಂಗಿ ಕಳಚಿದರೆ ಒಳಗೆ ರಬ್ಬರಿನ ಅಂಗಿ,
ಅದರೊಳಗೆ ಇನ್ನೊಂದು, ಹರಿದದ್ದು.
ಚಳಿಗೆ ಮಗುವನ್ನು ಸ್ಕೂಲಿಗೆ ಕಳಿಸುವಂತೆ
ಜಪಾನಿನಲ್ಲಿ ಯಾರೋ ಉಡಿಸಿ ಕಳಿಸಿದ್ದಾರೆ.
ಕೊನೆಗೆ ಮೂರು ಬೋಲ್ಟು.
ಹಳೆಯ ಸರಳು ಬರಲೊಲ್ಲದು.
ಎಳೆದೆ. ಅಲ್ಲಾಡಿಸಿದೆ. ಬೈದೆ.
ಆ ಬೈಗುಳವನ್ನು ಮೆರೆಆನಾ ಮೆಲ್ಲಗೆ
ತಾನೂ ಒಮ್ಮೆ ಹೇಳಿ ನೋಡಿದಳು.
ಬಂತು, ಬೇರು ಸಮೇತ ಕಿತ್ತ ದವಡೆಹಲ್ಲಿನಂತೆ
ಕರಿಯೆಣ್ಣೆ ತೊಟ್ಟಿಕ್ಕುತ್ತ,
ಗ್ಯಾರೇಜಿನ ತುಂಬ ಕೊಳೆತ ಮೊಟ್ಟೆಯ ವಾಸನೆ.

ತುದಿಯಲ್ಲಿ ನೈಲಾನಿನ ಪುಟ್ಟ ಬಳೆ,
ಸವೆದು ಒಂದು ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳು.
ಇಪ್ಪತ್ತೈದು ವರ್ಷ ಈ ಕಾರಿನ ಎಲ್ಲ ಅವಸರ
ಇದನ್ನು ಹಾದೇ ಹೋಗಿದೆ.
ಎಸೆಯಲು ಮನಸ್ಸಾಗದೆ ಜೇಬಿಗಿಳಿಸಿದೆ.

ಗೇರುಪೆಟ್ಟಿಗೆ ಈಗ ಬಾಯಿ ತೆರೆದು ಕೂತಿದೆ.
ಬಾಯಿಗೆ ಬಟ್ಟೆ ತುರುಕದೆ ಬೋಲ್ಟು ಮುಟ್ಟಬಾರದು.
ಗೊತ್ತು. ಗೊತ್ತಿದ್ದೂ ಮುಟ್ಟಿದೆ.
ಠಣ್.

ಟಾರ್ಚು ಮೊದಲ ಸಲ ಸರಿಯಾದ ಕಡೆ ಬಿತ್ತು.
ಎಣ್ಣೆಯೊಳಗೆ, ಹಲ್ಲುಗಳಿಗೆ ಇಳಿಯುವ ಕಿಂಡಿಯ ಅಂಚಿಗೆ
ಬೋಲ್ಟು ಕೂತಿದೆ,
ಒಳಗೋ ಹೊರಗೋ ತೀರ್ಮಾನಿಸದೆ
ಹೊಸಿಲ ಮೇಲೆ ಕೂತ ಬೆಕ್ಕಿನ ಹಾಗೆ.

ಮೆರೆಆನಾ ಓಡಿದಳು. ನನ್ನ ಫ್ರಿಜ್ಜಿನ ಬಾಗಿಲಿಂದ
ಸಿಂಪಿಯಾಕಾರದ ಅಯಸ್ಕಾಂತ ಕಿತ್ತು ತಂದಳು,
ಅದು ಹಿಡಿದಿದ್ದ ಕರೆಂಟ್ ಬಿಲ್ಲು ನೆಲದ ಪಾಲು.
ಬೂಟಿನ ಲೇಸಿಗೆ ಕಟ್ಟಿ ಇಳಿಬಿಟ್ಟಳು.
ನನ್ನ ಬೆರಳು ನಿಂತಲ್ಲಿಂದ ಆಚೆಗೆ
ಅವಳ ಕೈ ಮಣಿಕಟ್ಟಿನವರೆಗೂ ಹೋಯಿತು.
ಇಬ್ಬರೂ ಉಸಿರಾಡಲಿಲ್ಲ.
ಸಿಂಪಿ ತನ್ನ ಮುತ್ತು ಕಚ್ಚಿಕೊಂಡು ಮೇಲೆ ಬಂತು.

ಸಂಜೆ ಬ್ಲಫ್ ರಸ್ತೆ, ಎಡಕ್ಕೆ ಜೌಗು, ಬಲಕ್ಕೆ ಕುರಿ.
ಎರಡರಿಂದ ಮೂರು: ಬೀಗದಲ್ಲಿ ಕೀಲಿ ತಿರುಗಿದಷ್ಟೇ.
ಕೈಗೆ ನಂಬಿಕೆಯಿಲ್ಲ.
ಮೂರು ಸಿಕ್ಕಮೇಲೂ ಮುಂದೆ ಮುಂದೆ ಹುಡುಕುತ್ತದೆ
ಬಸ್ಸಿನ ಆ ಹಳೆಯ ದೂರವನ್ನು.
ಗೆಣ್ಣು ಬಡಿದು ರೇಡಿಯೊ ತಾನೇ ಹತ್ತಿತು,
ನಾಳೆಯೂ ಗಾಳಿ ಎಂದಿತು.

ರಸ್ತೆ ಕಡಲಿಗೆ ಬಂದು ಮುಗಿಯುತ್ತದೆ.
ಅಲ್ಲೊಂದು ಕಂಬ, ಊರೂರಿಗೆ ಎಷ್ಟು ದೂರವೆಂದು
ನಾಲ್ಕೂ ದಿಕ್ಕಿಗೆ ಕೈ ಚಾಚಿಕೊಂಡು.
ಮೆರೆಆನಾ ಎಲ್ಲ ಓದಿ ಮುಗಿಸಿ
"ಇನ್ನು ರಿವರ್ಸ್" ಎಂದಳು.

ಅದಕ್ಕೆ ಮಾತ್ರ ಸರಳನ್ನು ಕೆಳಕ್ಕೆ ಅದುಮಬೇಕು.
ಅದುಮಿದೆ. ಸಿಗಲಿಲ್ಲ.
ಇನ್ನೊಮ್ಮೆ.
ಅವಳು ಎಣ್ಣೆಯಂಟಿದ ತನ್ನ ಬಲಗೈಯನ್ನು
ನನ್ನ ಎಡಗೈ ಮೇಲಿಟ್ಟು
ಮೈಭಾರವೆಲ್ಲ ಬಿಟ್ಟಳು.
ಕಟಕ್.